ಮುಠಾ ನದಿಗೆ ನೀರು ಬಿಟ್ಟರೆ ನಮ್ಮವರಿಗೆ ಹೇಳುವವರು ಯಾರು?

ಪುಣೆ: ಜುಲೈ 12 ಎಂದರೆ ಪುಣೆಯ ಹಳೆಯ ಪೇಠಗಳ ಹಿರಿಯರಿಗೆ ಇಂದಿಗೂ ನೆನಪಾಗುವುದು ಒಂದೇ ಸಂಗತಿ. 1961ರ ಆ ದಿನ ಬೆಳಿಗ್ಗೆ, ನಗರದಿಂದ ಸುಮಾರು 50 ಕಿ.ಮೀ. ದೂರದಲ್ಲಿ ಆಂಬಿ ನದಿಗೆ ಕಟ್ಟಲಾಗುತ್ತಿದ್ದ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಮಣ್ಣಿನ ಕಟ್ಟೆ, ಕೆಲಸ ಇನ್ನೂ ಮುಗಿದಿರಲಿಲ್ಲ. ಅಲ್ಲಿಂದ ನುಗ್ಗಿದ ನೀರು 1879ರಲ್ಲಿ ಪೂರ್ಣಗೊಂಡಿದ್ದ ಖಡಕ್‌ವಾಸ್ಲಾ ಕಲ್ಲಿನ ಅಣೆಕಟ್ಟಿಗೆ ಬಂದು ಬಡಿಯಿತು. ಎಂಬತ್ತೆರಡು ವರ್ಷ ನಿಂತಿದ್ದ ಆ ಕಟ್ಟೆ ಕೆಲವೇ ಗಂಟೆ ತಡೆದು ತಾನೂ ಕುಸಿಯಿತು. ನಾರಾಯಣ, ಶನಿವಾರ, ಕಸಬಾ ಪೇಠಗಳ ನದಿ ಬದಿಯ ವಾಡೆಗಳು, ಡೆಕ್ಕನ್ ಜಿಮಖಾನಾದ ತಗ್ಗು ಭಾಗಗಳು ಹಾಡಹಗಲೇ ಮುಳುಗಿದವು. ಸತ್ತವರ ಸಂಖ್ಯೆ ಸಾವಿರದ ಆಸುಪಾಸು ಎಂದು ಹೇಳಲಾಗುತ್ತದೆ. ಮನೆ ಕಳೆದುಕೊಂಡವರಂತೂ ಲೆಕ್ಕಕ್ಕೆ ಸಿಗದಷ್ಟು.

ಈ ದುರಂತದಲ್ಲಿ ಹೆಚ್ಚು ಚರ್ಚೆಗೆ ಬಂದದ್ದು ಕಾಮಗಾರಿಯ ಲೋಪ. ನೀರು ಹೊರಬಿಡುವ ಕೊಳವೆಮಾರ್ಗಕ್ಕೆ ಉಕ್ಕಿನ ಸರಳಿನ ಕಾಂಕ್ರೀಟ್ ಬಳಸದಿದ್ದುದು ವಿಚಾರಣೆಯಲ್ಲಿ ಬೆಳಕಿಗೆ ಬಂತು. ಆದರೆ ಸಾಮಾನ್ಯ ನಾಗರಿಕರ ದೃಷ್ಟಿಯಿಂದ ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಕಟ್ಟೆ ಕುಸಿಯತೊಡಗಿದ್ದು ಒಡೆದ ಕ್ಷಣದಲ್ಲಲ್ಲ, ಅದಕ್ಕೆ ಮೊದಲೇ. ಸೈನಿಕರು ಇರುಳಿಡೀ ಮಳೆಯಲ್ಲಿ ನಿಂತು ಮರಳಿನ ಚೀಲ ಒಟ್ಟಿದರು. ಅವರ ಶ್ರಮದಿಂದಲೇ ಕಟ್ಟೆ ಬೆಳಗಿನವರೆಗೆ ನಿಂತಿತು, ನಡುರಾತ್ರಿ ಒಡೆದಿದ್ದರೆ ಸಾವು ಇನ್ನೆಷ್ಟೋ ಪಟ್ಟು ಹೆಚ್ಚುತ್ತಿತ್ತು ಎಂಬುದನ್ನು ಪುಣೆ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತದೆ. ಅಂದರೆ ಎಂಜಿನಿಯರುಗಳಿಗೆ ಗೊತ್ತಿತ್ತು, ಸೇನೆಗೆ ಗೊತ್ತಿತ್ತು. ನದಿದಂಡೆಯ ಹೆಚ್ಚಿನ ಮನೆಗಳಿಗೆ ಗೊತ್ತಾದದ್ದು ಓಡಿಬಂದವರ ಬಾಯಿಂದ, ಇಲ್ಲವೇ ನೀರು ಹೊಸ್ತಿಲಿಗೆ ಬಂದ ಮೇಲೆ.

ಅಣೆಕಟ್ಟೇ ಹೋದದ್ದರಿಂದ ನಗರದ ನಳ್ಳಿಗಳೂ ಬತ್ತಿದವು. ಊರೆಲ್ಲ ನೀರು ನುಗ್ಗಿ ಹೋದ ಮೇಲೆ ಕುಡಿಯಲು ನೀರಿಲ್ಲದೆ ಜನ ವಾಡೆಗಳ ಹಳೆಯ ಬಾವಿಗಳಿಗೆ ಮುಗಿಬಿದ್ದರು. ಬಾವಿಗಳನ್ನು ಮುಚ್ಚಿ ಪಾರ್ಕಿಂಗ್ ಮಾಡಿಕೊಂಡಿರುವ ಇಂದಿನ ಸೊಸೈಟಿಗಳು ಇದನ್ನೊಮ್ಮೆ ಯೋಚಿಸಬೇಕು.

63 ವರ್ಷಗಳ ಬಳಿಕ

2024ರ ಜುಲೈ 25ರ ಬೆಳಗಿನ ಜಾವ. ಅಣೆಕಟ್ಟು ಯಾವುದೂ ಒಡೆದಿರಲಿಲ್ಲ. ಧಾರಾಕಾರ ಮಳೆಗೆ ತುಂಬಿದ ಖಡಕ್‌ವಾಸ್ಲಾದಿಂದ 35 ಸಾವಿರ ಕ್ಯೂಸೆಕ್‌ಗೂ ಹೆಚ್ಚು ನೀರನ್ನು ಮುಠಾ ನದಿಗೆ ಬಿಡಲಾಯಿತು. ಕ್ಯೂಸೆಕ್ ಎಂಬ ಶಬ್ದ ಕೇಳಿ ಸುಮ್ಮನಾಗುವವರೇ ಹೆಚ್ಚು. ಲೀಟರಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಸೆಕೆಂಡಿಗೆ ಸುಮಾರು 10 ಲಕ್ಷ ಲೀಟರ್. ಸಿಂಹಗಡ ರಸ್ತೆಯ ಏಕತಾ ನಗರಿ, ನಿಂಬಜ ನಗರ, ವಿಠ್ಠಲವಾಡಿ ಪರಿಸರದ ಕಟ್ಟಡಗಳ ತಳ ಅಂತಸ್ತಿಗೆ ನೀರು ಹೊಕ್ಕಾಗ ಮನೆಮಂದಿ ನಿದ್ದೆಯಲ್ಲಿದ್ದರು. ಸೇನೆಯನ್ನೇ ಕರೆಸಿ ಜನರನ್ನು ಹೊರಗೆ ತರಬೇಕಾಯಿತು. ಮುಂಚಿತವಾಗಿ ತಿಳಿಸಲಿಲ್ಲ ಎಂದು ನಿವಾಸಿಗಳು, ತಿಳಿಸಿದ್ದೇವೆ ಎಂದು ಜಲಸಂಪನ್ಮೂಲ ಇಲಾಖೆ, ತಮಗೆ ಸಕಾಲದಲ್ಲಿ ಸರಿಯಾದ ಮಾಹಿತಿ ಬರಲಿಲ್ಲ ಎಂದು ಮಹಾನಗರಪಾಲಿಕೆ. ಈ ಹಗ್ಗಜಗ್ಗಾಟ ಹಲವು ದಿನ ನಡೆಯಿತು.

ಅದೇ ಜಾವದಲ್ಲಿ ಡೆಕ್ಕನ್‌ನ ಪುಲಾಚಿ ವಾಡಿಯಲ್ಲಿ ಮೂವರು ಯುವಕರು ಸತ್ತರು. ನೀರಿನಲ್ಲಿ ಮುಳುಗಿ ಅಲ್ಲ, ವಿದ್ಯುತ್ ತಗುಲಿ. ನದಿ ಪಕ್ಕದ ಮೊಟ್ಟೆ ಬುರ್ಜಿ ಗಾಡಿಯನ್ನು ಏರುತ್ತಿರುವ ನೀರಿನಿಂದ ಸರಿಸಲು ಹೋಗಿದ್ದರು. ಹೋಟೆಲು, ಕ್ಯಾಂಟೀನು, ಗಾಡಿ ವ್ಯಾಪಾರ ನಡೆಸುವ ತುಳು-ಕನ್ನಡಿಗ ಬಂಧುಗಳು ಈ ಒಂದು ಸುದ್ದಿಯನ್ನು ಮರೆಯುವಂತಿಲ್ಲ. ನೀರು ಪಾದ ಮುಟ್ಟುವ ಮೊದಲೇ ಮೇನ್ ಸ್ವಿಚ್ ತೆಗೆಯಬೇಕು. ಪಾದ ಒದ್ದೆಯಾದ ಮೇಲೆ ಸ್ವಿಚ್ಚಿನ ಹತ್ತಿರ ಹೋಗಲೇಬಾರದು. ಫ್ರಿಜ್ಜು, ಗ್ರೈಂಡರು ಹೋದರೆ ಮತ್ತೆ ಕೊಳ್ಳಬಹುದು.

ಖಡಕ್‌ವಾಸ್ಲಾ ಏಕೆ ಇಷ್ಟು ಬೇಗ ತುಂಬುತ್ತದೆ ಎಂಬುದಕ್ಕೆ ಸರಳ ಕಾರಣವಿದೆ. ಪುಣೆಗೆ ನೀರುಣಿಸುವ ನಾಲ್ಕು ಅಣೆಕಟ್ಟುಗಳ ಒಟ್ಟು ಸಾಮರ್ಥ್ಯ ಸುಮಾರು 29 ಟಿಎಂಸಿ. ವರಸಗಾಂವ್ ಮತ್ತು ಪಾನ್‌ಶೇತ್ ದೊಡ್ಡವು, ಟೆಮ್‌ಘರ್ ನಡುವಿನದು. ಎಲ್ಲಕ್ಕಿಂತ ಕೆಳಗೆ, ನಗರದ ತಲೆಯ ಮೇಲೆ ಇರುವ ಖಡಕ್‌ವಾಸ್ಲಾದ್ದು ಎರಡು ಟಿಎಂಸಿಗೂ ಕಡಿಮೆ. ಮೂರು ಹಂಡೆಗಳ ಕೆಳಗೆ ಒಂದು ತಂಬಿಗೆ ಇಟ್ಟಂತೆ. ಮೇಲಿನವು ತುಂಬಿದ ಮೇಲೆ ತಂಬಿಗೆ ಉಕ್ಕಲು ಒಂದು ರಾತ್ರಿಯ ಮಳೆ ಸಾಕು. ನೀರು ಬಿಟ್ಟಾಗ ಮೊದಲು ಮುಳುಗುವುದು ಬಾಬಾ ಭಿಡೆ ಪೂಲ. ‘ಭಿಡೆ ಪೂಲ ಮುಳುಗಿತಂತೆ’ ಎಂದು ಪುಣೇಕರರು ಚಹಾ ಕುಡಿಯುತ್ತ ಹೇಳುವ ಮಾತು ತಗ್ಗಿನಲ್ಲಿ ಮನೆ ಮಾಡಿದವನಿಗೆ ಎಚ್ಚರಿಕೆಯ ಗಂಟೆ.

ಸೂಚನೆ ಕೊಡದ ಓಢಾ

ನದಿಯ ನೀರಿಗೆ ಗೇಟು ಇದೆ, ಗೇಟಿನ ಹಿಂದೆ ಅಧಿಕಾರಿ ಇದ್ದಾರೆ, ಆದ್ದರಿಂದ ಒಂದಿಷ್ಟಾದರೂ ಸೂಚನೆ ಸಿಗುತ್ತದೆ. ಓಢಾ ಎಂದು ಇಲ್ಲಿನವರು ಕರೆಯುವ ಹಳ್ಳಗಳಿಗೆ ಅದೂ ಇಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಕಾತ್ರಜ್ ಕಡೆಯಿಂದ ಹರಿದುಬರುವ ಆಂಬಿಲ್ ಓಢಾ ಕೆಲವೇ ಗಂಟೆಗಳ ಮಳೆಗೆ ಉಕ್ಕಿ ಅರಣ್ಯೇಶ್ವರ, ಟಾಂಗೇವಾಲಾ ಕಾಲನಿ, ಸಹಕಾರ ನಗರ, ದಾಂಡೇಕರ್ ಪೂಲ ಪರಿಸರವನ್ನು ಬಗೆದುಹಾಕಿತು. ನಗರ ಮತ್ತು ಜಿಲ್ಲೆಯಲ್ಲಿ ಸೇರಿ 20ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಪಾನ್‌ಶೇತ್ ಪ್ರವಾಹದಲ್ಲಿ ಮನೆ ಕಳೆದುಕೊಂಡವರಿಗೆ ವಸತಿ ಕೊಟ್ಟ ಜಾಗಗಳಲ್ಲಿ ಸಹಕಾರ ನಗರ, ದತ್ತವಾಡಿಗಳೂ ಸೇರಿವೆ. ನದಿಯಿಂದ ತಪ್ಪಿಸಿಕೊಂಡವರ ಮೊಮ್ಮಕ್ಕಳ ನೆರೆಗೆ ಹಳ್ಳ ಬಂತು.

ಅದೇ ವರ್ಷ ಜೂನ್ 29ರಂದು ಕೊಂಢ್ವಾದಲ್ಲಿ ಮಳೆಗೆ ಆವರಣ ಗೋಡೆ ಕುಸಿದು ಕಟ್ಟಡ ಕಾರ್ಮಿಕರ ಶೆಡ್ಡುಗಳ ಮೇಲೆ ಬಿದ್ದು 15 ಮಂದಿ ಮಡಿದರು. ಅವರು ಬಿಹಾರದವರು. ಪುಣೆಯ ಇನ್ನೆಷ್ಟೋ ಇಂಥ ಶೆಡ್ಡುಗಳಲ್ಲಿ ಮಲಗುವವರು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು.

ಎಚ್ಚರಿಕೆಯ ಭಾಷೆ ಯಾವುದು?

ಪುಣೆಯ ಕನ್ನಡಿಗರೆಂದರೆ ಸಂಘದ ವಾರ್ಷಿಕೋತ್ಸವಕ್ಕೆ ಬರುವವರಷ್ಟೇ ಅಲ್ಲ. ಎರಡು ಮೂರು ತಲೆಮಾರಿನ ಹಿಂದೆ ಉಡುಪಿ, ಕುಂದಾಪುರ, ಕಾರ್ಕಳದಿಂದ ಬಂದು ಹೋಟೆಲ್ ಉದ್ಯಮ ಕಟ್ಟಿದವರಿದ್ದಾರೆ. ಹಿಂಜವಾಡಿಯ ಐಟಿ ಕಂಪೆನಿಗಳಿಗಾಗಿ ಬಂದು ಬಾಣೇರ್, ವಾಕಡ್‌ನಲ್ಲಿ ಫ್ಲ್ಯಾಟ್ ಕೊಂಡವರಿದ್ದಾರೆ. ಇವರಿಗೆಲ್ಲ ಮರಾಠಿ ಬರುತ್ತದೆ, ಇಲ್ಲವೇ ಇಂಗ್ಲಿಷಿನಲ್ಲಿ ಸುದ್ದಿ ತಲುಪುತ್ತದೆ. ತೊಂದರೆ ಇರುವುದು ಮೂರನೆಯವರಿಗೆ. ಬರಗಾಲದ ಊರಿನಿಂದ ಗಂಡ, ಹೆಂಡತಿ, ಮಕ್ಕಳು ಸಮೇತ ಬಂದು ಕಟ್ಟಡ ಕೆಲಸ ಹಿಡಿದವರು. ಅವರಲ್ಲಿ ಹಲವರಿಗೆ ಮರಾಠಿ ಮಾತು ಅರ್ಥವಾದರೂ ಓದಲು ಬಾರದು. ರಾತ್ರಿ ಬರುವ ಎಸ್‌ಎಂಎಸ್, ಪಾಲಿಕೆಯ ಫಲಕ, ಪೊಲೀಸ್ ಗಾಡಿಯ ಧ್ವನಿವರ್ಧಕ, ಎಲ್ಲವೂ ಮುಖ್ಯವಾಗಿ ಮರಾಠಿಯಲ್ಲಿ. ಅದು ಸಹಜವೇ, ಇದು ಮಹಾರಾಷ್ಟ್ರ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಆ್ಯಪ್ ಹಲವು ಭಾರತೀಯ ಭಾಷೆಗಳಲ್ಲಿ ಎಚ್ಚರಿಕೆ ನೀಡುತ್ತದೆ, ಆದರೆ ಅದನ್ನು ಮೊಬೈಲಿಗೆ ಹಾಕಿಕೊಡುವವರು ಯಾರಾದರೂ ಬೇಕಲ್ಲ!

2014ರ ಜುಲೈ 30ರಂದು ಇದೇ ಪುಣೆ ಜಿಲ್ಲೆಯ ಆಂಬೇಗಾಂವ್ ತಾಲೂಕಿನ ಮಾಳೀಣ್ ಗ್ರಾಮದ ಮೇಲೆ ಗುಡ್ಡ ಜರಿದು 151 ಮಂದಿ ಮಣ್ಣುಪಾಲಾದರು. ಹೊರಜಗತ್ತಿಗೆ ಅದನ್ನು ತಿಳಿಸಿದ್ದು ಯಾವ ಯಂತ್ರವೂ ಅಲ್ಲ, ಎಸ್‌ಟಿ ಬಸ್ಸಿನ ಚಾಲಕ. ದಿನವೂ ನೋಡುತ್ತಿದ್ದ ಊರು ಅಂದು ಇದ್ದ ಜಾಗದಲ್ಲಿ ಇಲ್ಲದ್ದನ್ನು ಅವರು ಕಂಡರು. ದಿನವೂ ಹೋಗಿಬರುವ ಪರಿಚಯದ ಮನುಷ್ಯನೊಬ್ಬ ಇರುವುದು ಎಷ್ಟು ಮುಖ್ಯವೆಂದು ಇದರಿಂದ ತಿಳಿಯುತ್ತದೆ. ನಮ್ಮ ಶೆಡ್ಡುಗಳಿಗೆ, ಬಸ್ತಿಗಳಿಗೆ ಅಂಥ ಕನ್ನಡದ ಮನುಷ್ಯ ಯಾರು ಎಂಬ ಪ್ರಶ್ನೆಗೆ ಸಂಘಗಳಲ್ಲಿ ಉತ್ತರ ಸಿದ್ಧವಿಲ್ಲ.

ಉತ್ತರ ಒಮ್ಮೆ ಸಿದ್ಧವಾಗಿತ್ತು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳಲು ಕರ್ನಾಟಕ ಸರಕಾರದ ‘ಸೇವಾ ಸಿಂಧು’ ಜಾಲತಾಣದಲ್ಲಿ ಹೆಸರು ನೋಂದಾಯಿಸಬೇಕಾಗಿತ್ತು. ಆಗ ಹೊರನಾಡಿನ ಅನೇಕ ಕನ್ನಡ, ತುಳು ಸಂಘಟನೆಗಳ ಕಾರ್ಯಕರ್ತರು ಯಾವ ಬಸ್ತಿಯಲ್ಲಿ ಎಷ್ಟು ಕುಟುಂಬ, ಮುಖ್ಯಸ್ಥ ಯಾರು, ಫೋನ್ ನಂಬರ್ ಏನು ಎಂದು ಬರೆದುಕೊಂಡು ರೇಷನ್ ಕಿಟ್ ಹಂಚಿದರು. ಅಂಥ ಶ್ಲಾಘನೀಯ ಕೆಲಸದ ಕಾಗದಗಳು ಈಗ ಯಾವ ಕಪಾಟಿನಲ್ಲಿವೆ? ಹುಡುಕಿ ತೆಗೆದು, ಹೋದವರ ಹೆಸರು ಹೊಡೆದು, ಹೊಸಬರ ಹೆಸರು ಸೇರಿಸಿದರೆ ಅರ್ಧ ಕೆಲಸ ಮುಗಿದಂತೆ. ಪ್ರತಿವರ್ಷ ಮೇ ತಿಂಗಳ ಒಂದು ಭಾನುವಾರ ಇದಕ್ಕೆ ಸಾಕು.

ಸಭಾಗೃಹ, ಅಡುಗೆಮನೆ, ಪಂಕ್ತಿ

ಕೈಯಲ್ಲಿ ಇರುವುದೇನು ಕಡಿಮೆಯಲ್ಲ. ಎರಂಡವಣೆಯ ಗಣೇಶ ನಗರದಲ್ಲಿ ಪುಣೆ ಕನ್ನಡ ಸಂಘದ ಶಾಲೆ ಮತ್ತು ಸಭಾಗೃಹವಿದೆ. ಬಾಣೇರ್‌ನಲ್ಲಿ ಪುಣೆ ಬಂಟರ ಭವನ ಎದ್ದುನಿಂತಿದೆ. ನಗರದ ಉದ್ದಗಲಕ್ಕೆ ನಮ್ಮವರ ಹೋಟೆಲುಗಳ ಅಡುಗೆಮನೆಗಳಿವೆ. ಸಾವಿರ ಜನಕ್ಕೆ ಒಂದು ತಾಸಿನಲ್ಲಿ ಊಟ ಬಡಿಸುವ ಕಲೆಯನ್ನು ನಮ್ಮ ಸಂಘಗಳ ಯುವ ವಿಭಾಗಕ್ಕೆ ಹೊಸದಾಗಿ ಯಾರೂ ಕಲಿಸಬೇಕಿಲ್ಲ. ವಾರ್ಷಿಕೋತ್ಸವಕ್ಕೆ ಯಾರು ಅನ್ನ, ಯಾರು ಸಾರು, ಯಾರು ಪಾರ್ಕಿಂಗ್ ಎಂದು ತಿಂಗಳುಗಳ ಮೊದಲೇ ಪಟ್ಟಿಯಾಗುತ್ತದೆ. ಅದೇ ಪಟ್ಟಿಯ ಹಿಂಬದಿಯಲ್ಲಿ, ರಾತ್ರಿ ಎರಡು ಗಂಟೆಗೆ ಸಭಾಗೃಹದ ಬೀಗದ ಕೈ ಯಾರ ಬಳಿ ಇರುತ್ತದೆ ಎಂದು ಬರೆದಿಟ್ಟಿರುವ ಸಂಘ ಎಷ್ಟಿವೆ?

ಹೋಟೆಲಿನವರು ಗಮನಿಸಬೇಕಾದ್ದು ಬೇರೆ. ಕೆಲಸದ ಹುಡುಗರು ಮಲಗುವ ಕೋಣೆ ನೆಲಮಾಳಿಗೆಯಲ್ಲಿದ್ದರೆ ಮಳೆಗಾಲದಲ್ಲಿ ಅವರನ್ನು ಮೇಲಕ್ಕೆ ಸ್ಥಳಾಂತರಿಸುವುದು ಒಳ್ಳೆಯದು. ಗ್ಯಾಸ್ ಸಿಲಿಂಡರುಗಳು ನೀರಿನಲ್ಲಿ ತೇಲಿ ಹೋಗುವುದರಿಂದ ರೆಗ್ಯುಲೇಟರ್ ತೆಗೆದು ಸರಪಳಿ ಹಾಕಿ ಕಟ್ಟಬೇಕು. ಊರಿಂದ ಬಂದ ಹುಡುಗನ ಆಧಾರ್, ಬ್ಯಾಂಕ್ ಪಾಸ್‌ಬುಕ್ಕು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಮೇಲಿನ ಅಟ್ಟದಲ್ಲಿರಲಿ. ಪರಿಹಾರಕ್ಕಾಗಿ ಪಂಚನಾಮೆ ಮಾಡಲು ಬಂದವರು ಮೊದಲು ಕೇಳುವುದೇ ಗುರುತಿನ ಕಾಗದ.

ತರಬೇತಿಗೆ ಎಲ್ಲಿ ಹೋಗಬೇಕು ಎಂದು ಕೇಳುವವರಿಗೆ ಪುಣೆಯಷ್ಟು ಅನುಕೂಲದ ನಗರ ಇನ್ನೊಂದಿಲ್ಲ. ಎನ್‌ಡಿಆರ್‌ಎಫ್‌ನ 5ನೇ ಬೆಟಾಲಿಯನ್ ತಳೇಗಾಂವ್ ಸಮೀಪದ ಸುದುಂಬರೆಯಲ್ಲಿಯೇ ಇದೆ. ಮಹಾರಾಷ್ಟ್ರದ ಅಧಿಕಾರಿಗಳಿಗೆ ತರಬೇತಿ ನೀಡುವ ‘ಯಶದಾ’ದಲ್ಲಿ ವಿಪತ್ತು ನಿರ್ವಹಣೆಗೆಂದೇ ವಿಭಾಗವಿದೆ, ಅದೂ ಬಾಣೇರ್ ರಸ್ತೆಯಲ್ಲಿ. 2016ರಲ್ಲಿ ಕೇಂದ್ರ ಆರಂಭಿಸಿದ ‘ಆಪದಾ ಮಿತ್ರ’ ಯೋಜನೆಯಲ್ಲಿ 18ರಿಂದ 40 ವಯಸ್ಸಿನ ಸ್ವಯಂಸೇವಕರಿಗೆ 12 ದಿನ ಪ್ರವಾಹ ರಕ್ಷಣೆ, ಪ್ರಥಮ ಚಿಕಿತ್ಸೆ ಕಲಿಸಿ ಕಿಟ್ ಕೊಡಲಾಯಿತು. ಎನ್‌ಸಿಸಿ, ಎನ್‌ಎಸ್‌ಎಸ್ ವಿದ್ಯಾರ್ಥಿಗಳಿಗೆ ‘ಯುವ ಆಪದಾ ಮಿತ್ರ’ ಎಂಬ ಮುಂದುವರಿಕೆಯೂ ಬಂದಿದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಂತೆ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರಾದ್ದರಿಂದ ಸಂಘದ ಲೆಟರ್‌ಹೆಡ್‌ನಲ್ಲಿ ಕಲೆಕ್ಟರ್ ಕಚೇರಿಗೆ ಒಂದು ಅರ್ಜಿ ಕೊಟ್ಟರೆ ದಾರಿ ತೆರೆಯುತ್ತದೆ. ತುರ್ತು ಕರೆಗೆ 112, ಅಗ್ನಿಶಾಮಕ ದಳಕ್ಕೆ 101, ಆಂಬ್ಯುಲೆನ್ಸಿಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಈ ನಾಲ್ಕು ನಂಬರನ್ನು ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸಲು ಖರ್ಚು ಹೆಚ್ಚಿಲ್ಲ.

ಇದೇ ನೀರು ಊರಿಗೂ

ಮುಠಾ, ಮುಳಾ ಕೂಡಿ ಭೀಮೆಗೆ ಸೇರುತ್ತವೆ. ಭೀಮೆ ಉಜನಿ ಜಲಾಶಯ, ಪಂಢರಪುರ ದಾಟಿ ವಿಜಯಪುರ ಜಿಲ್ಲೆಯ ಅಂಚು ಸವರಿ ಅಫಜಲಪುರ, ಗಾಣಗಾಪುರದತ್ತ ಹರಿದು ಕೊನೆಗೆ ರಾಯಚೂರು ಜಿಲ್ಲೆಯಲ್ಲಿ ಕೃಷ್ಣೆ ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಉಜನಿಯಿಂದ ಬಿಟ್ಟ ನೀರಿಗೆ ಕಲಬುರಗಿ ಜಿಲ್ಲೆಯ ಭೀಮಾ ತೀರದ ಹಳ್ಳಿಗಳು ಮುಳುಗಿದವು, ತೊಗರಿ, ಹತ್ತಿ, ಕಬ್ಬು ಕೊಳೆತವು. ಸಿಂಹಗಡ ರಸ್ತೆಯ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಅಫಜಲಪುರದ ಕೂಲಿಕಾರನಿಗೆ ಖಡಕ್‌ವಾಸ್ಲಾದ ನೀರು ಎರಡು ಸಲ ಸಂಬಂಧಿಸುತ್ತದೆ, ಒಮ್ಮೆ ಇಲ್ಲಿನ ಶೆಡ್ಡಿನಲ್ಲಿ, ಇನ್ನೊಮ್ಮೆ ಅಲ್ಲಿನ ಹೊಲದಲ್ಲಿ. ಉಜನಿ ತುಂಬಿದ್ದರೆ ನಡುವೆ ಕೆಲವು ದಿನಗಳ ಅವಕಾಶ ಸಿಗುತ್ತದೆ. ನದಿಯಲ್ಲಿ ಇಳಿಬಿಟ್ಟ ಪಂಪ್‌ಸೆಟ್ ಮೇಲೆತ್ತಲು, ದನಕರು ಬಿಚ್ಚಿ ಎತ್ತರಕ್ಕೆ ಹೊಡೆಯಲು ಅಷ್ಟು ಹೊತ್ತು ಸಾಕಾಗುತ್ತದೆ, ಪುಣೆಯಿಂದ ಯಾರಾದರೂ ಫೋನ್ ಮಾಡಿ ಹೇಳಿದರೆ.