ಬಚ್ಚಲ ನೀರಿಗೆ ಸುರುಳಿ ಸುಗಂಧಿ



ಸುರೇಬಾನದ ಸುತ್ತಿನ ಎರಿಭೂಮಿಯಲ್ಲಿ ಜೋಳ, ಕಡಲೆ, ಹತ್ತಿಗೇ ಮಳೆ ಸಾಲದು. ಇಂಥಲ್ಲಿ ನೀರು ಬೇಡುವ ಹೂವಿನ ಮಾತು ಯಾಕ್ರಿ ಎಂದು ನೀವು ಕೇಳಬಹುದು. ನಾನು ಬಾವಿಯ ನೀರು ಕೇಳುವುದಿಲ್ಲ. ದಿನಾ ಮನೆಮಂದಿ ಮೈ ತೊಳೆದ ನೀರು ಹಿತ್ತಲಲ್ಲಿ ನಿಂತು ಸೊಳ್ಳೆ ಸಾಕುತ್ತದಲ್ಲ, ಅದನ್ನಷ್ಟೇ ಕೇಳುತ್ತೇನೆ.

ಸುರುಳಿ ಸುಗಂಧಿಯು ಶುಂಠಿ, ಅರಿಷಿಣ, ಏಲಕ್ಕಿಗಳ ಬಳಗದ ಗಿಡ. ಮರಾಠಿಯಲ್ಲಿ ಇದಕ್ಕೆ ಸೋನಟಕ್ಕಾ ಎನ್ನುತ್ತಾರೆ. ದಂಟು ಆಳೆತ್ತರ ಬೆಳೆಯುತ್ತದೆ. ತುದಿಯಲ್ಲಿ ಚಿಟ್ಟೆ ಕೂತಂತೆ ಬಿಳಿ ಹೂ ಮುಸ್ಸಂಜೆಗೆ ಅರಳಿ ಹಿತ್ತಲೆಲ್ಲ ಘಮಘಮಿಸುತ್ತದೆ. ತವರು ಪೂರ್ವ ಹಿಮಾಲಯದ ಕಡೆಯ ತಂಪು ಸೀಮೆ. ಆದುದರಿಂದ ನಮ್ಮ ಬಿಸಿಲಿಗೆ ತುಸು ಉಪಚಾರ ಬೇಕು.

ಮೊದಲು ಜಾಗ. ಮನೆಯ ಮೂಡಣ ಬದಿ ಆರಿಸಿರಿ; ಮುಂಜಾನೆಯ ಬಿಸಿಲು ಬೀಳಲಿ, ಮಧ್ಯಾಹ್ನದ ಬಿಸಿಲು ತಪ್ಪಲಿ. ಎರಿಮಣ್ಣು ನೀರು ಹಿಡಿದು ನಿಲ್ಲಿಸುತ್ತದೆ. ಗಿಡಕ್ಕೆ ಹಸಿ ಬೇಕು, ಆದರೆ ಗಡ್ಡೆಯ ಸುತ್ತ ನೀರು ಸದಾ ನಿಲ್ಲದಿದ್ದರೆ ಒಳ್ಳೆಯದು. ಅದಕ್ಕೇ ಅರ್ಧ ಅಡಿ ಎತ್ತರದ ಮಡಿ ಕಟ್ಟಿ, ಮಣ್ಣಿಗೆ ಗರಸು, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿರಿ.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಒಂದೆರಡು ಕಣ್ಣಿರುವ ಗಡ್ಡೆ ತುಂಡುಗಳನ್ನು ಎರಡು ಇಂಚು ಆಳಕ್ಕೆ, ಎರಡೆರಡು ಅಡಿ ಅಂತರದಲ್ಲಿ ಊರಿರಿ. ಕಣ್ಣು ಮೇಲಕ್ಕಿರಲಿ.

ಇನ್ನು ನೀರು. ಇಲ್ಲಿ ತಾಯಂದಿರು ಒಂದು ಮಾತು ಲಕ್ಷ್ಯದಲ್ಲಿಡಬೇಕು. ಮೈ ತೊಳೆದ ನೀರು ನಡೆಯುತ್ತದೆ. ವಾಷಿಂಗ್ ಸೋಡಾ ಹಾಕಿ ಬಟ್ಟೆ ಒಗೆದ ನೀರು ಮಾತ್ರ ಬ್ಯಾಡ. ಆ ಸೋಡಾ ಎರಿಮಣ್ಣಿನಲ್ಲಿ ಸೇರುತ್ತ ಹೋದರೆ ಮಣ್ಣು ಸವುಳಾಗಿ, ನೀರು ಇಂಗದಂತಾಗುತ್ತದೆ. ಬೇಸಿಗೆಯಲ್ಲಿ ಬುಡಕ್ಕೆ ಕಬ್ಬಿನ ರವದಿ ಹೊದಿಸಿರಿ, ತೇವ ಉಳಿಯುತ್ತದೆ.

ಒಂದು ದಂಟು ಒಮ್ಮೆ ಮಾತ್ರ ಹೂ ಬಿಡುತ್ತದೆ. ಹೂ ಮುಗಿದ ದಂಟನ್ನು ಬುಡಕ್ಕೆ ಕೊಯ್ದರೆ ಹೊಸ ಮೊಳಕೆಗೆ ಜಾಗವಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಮೆಳೆ ಅಗೆದು ಗಡ್ಡೆ ಒಡೆದು ನೆಡಿರಿ.

ಮಾರಾಟದ ಮಾತು ಬಂತು. ಮಳೆಗಾಲದಿಂದ ನವರಾತ್ರಿಯವರೆಗೆ ಹೂ ಸಿಗುತ್ತದೆ. ಶ್ರಾವಣದ ಪೂಜೆಗೂ ಆಯಿತು, ಹೆಣ್ಣುಮಕ್ಕಳ ಮುಡಿಗೂ ಆಯಿತು. ಆದರೆ ಅರಳಿದ ಹೂ ಮರುದಿನವೇ ಬಾಡುತ್ತದೆ. ದೂರದ ಪೇಟೆಗೆ ನಿಲ್ಲುವಂಥದಲ್ಲ. ಸಂಜೆಗೆ ಮೊಗ್ಗು ಕೊಯ್ದು ಓಣಿಯಲ್ಲಿ, ಊರಿನ ಸಂತೆಯಲ್ಲಿ ಮಾರಿದರೆ ಮನೆಯೊಡತಿಯ ಕೈಗೆ ನಾಲ್ಕು ಕಾಸು ಬಂದೀತು. ಇದನ್ನು ನಂಬಿ ಸಾಲ ತೆಗೆದು ಎಕರೆಗಟ್ಟಲೆ ಹಚ್ಚಬೇಡಿರಿ. ಮೊದಲ ವರ್ಷ ನಾಲ್ಕೇ ಗಡ್ಡೆ ಸಾಕು.

ಕೊನೆಯ ಮಾತು. ಅಗೆದುಳಿದ ಗಡ್ಡೆಯನ್ನು ಶಬರಿಕೊಳ್ಳದ ಹಳ್ಳಕ್ಕಾಗಲಿ ಮಲಪ್ರಭೆಯ ದಂಡೆಗಾಗಲಿ ಎಸೆಯಬೇಡಿರಿ. ಹವಾಯಿ, ಬ್ರೆಜಿಲ್ ಸೀಮೆಗಳಲ್ಲಿ ಇದೇ ಗಿಡ ಹಳ್ಳಗಳ ದಂಡೆಗುಂಟ ಹಬ್ಬಿ ಕಳೆಯಾಗಿದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲೂಕಿನ ಊರುಗಳಿಗೆ ನುಗ್ಗಿದ್ದನ್ನು ನೀವು ಮರೆತಿಲ್ಲ. ಅಂಥ ಹೊಳೆಗೆ ಒಂದು ತುಂಡು ಗಡ್ಡೆ ಸಿಕ್ಕರೆ ಎಲ್ಲಿಗೆ ಒಯ್ದು ಊರುತ್ತದೋ ಹೇಳಬರುವುದಿಲ್ಲ. ಉಳಿದ ಗಡ್ಡೆಯನ್ನು ನೆರೆಮನೆಯ ಅಕ್ಕನಿಗೆ ಕೊಡಿರಿ; ಅವರ ಬಚ್ಚಲ ನೀರಿಗೂ ಒಂದು ದಾರಿಯಾಗಲಿ.