ಹಳೆಯ ಬೈಕು, ಡೀಲರರ ಬಿಲ್ಲು

ಮಗನ ಕಾಲೇಜಿಗೆ, ಯಜಮಾನರ ಹೊಲದ ಓಡಾಟಕ್ಕೆಂದು ಬಳಸಿದ ಬೈಕನ್ನು ಕೊಳ್ಳುವ ಕುಟುಂಬಗಳು ನಮ್ಮ ಸಮಾಜದಲ್ಲಿ ಬಹಳ. ರಿಪೇರಿಗೆ ಡೀಲರರ ಬಳಿ ಹೋದರೆ ಅಸಲಿ ಬಿಡಿಭಾಗಗಳು ದೊರೆಯುತ್ತವೆಂಬುದು ನಿಜ. ಆದರೆ ಗಿರಾಕಿಗೂ ಕೆಲಸಗಾರನಿಗೂ ನಡುವೆ ಅಲ್ಲೊಂದು ಕೌಂಟರು ಇರುತ್ತದೆ. ಬೈಕಿನ ಪೂರ್ವಚರಿತ್ರೆ ನಮಗೂ ತಿಳಿಯದಾದ್ದರಿಂದ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಹಣ ತೆರುತ್ತೇವೆ.

ಆದುದರಿಂದ ಬೈಕನ್ನು ಒಪ್ಪಿಸುವಾಗಲೇ ಜಾಬ್ ಕಾರ್ಡಿನಲ್ಲಿ ದೂರುಗಳನ್ನೂ ಅಂದಾಜು ವೆಚ್ಚವನ್ನೂ ಬರೆಸಬೇಕು. ಕೇಳದೆ ಹೆಚ್ಚಿನ ಕೆಲಸ ಮಾಡಕೂಡದೆಂದು ತಿಳಿಸಿ, ಕಳಚಿದ ಭಾಗಗಳನ್ನು ಮರಳಿ ಪಡೆಯಬೇಕು. ಚೈನಿನೊಂದಿಗೆ ಎರಡೂ ಸ್ಪ್ರಾಕೆಟ್ಟುಗಳನ್ನು ಬದಲಿಸಬೇಕೆಂದರೆ ಸಂಶಯಪಡಬೇಕಿಲ್ಲ. ಸವೆದ ಹಲ್ಲುಗಳು ಹೊಸ ಚೈನನ್ನು ಬೇಗನೆ ಹಾಳುಮಾಡುತ್ತವೆ. ಸವೆಯದ ಬ್ರೇಕ್ ಶೂ ಬದಲಾಗಿದ್ದರೆ ಮಾತ್ರ ಕೇಳಲೇಬೇಕು. ಬದಲಿಸದೆಯೇ ಬಿಲ್ಲಿಗೆ ಸೇರಿಸಿದ್ದರಂತೂ ಅದು ಸವಾರನ ಪ್ರಾಣದ ಪ್ರಶ್ನೆ.

ಲೆಕ್ಕ ಕೇಳಿದರೆ ಎದುರಿನವರಿಗೆ ಬೇಸರವಾದೀತೆಂದು ನಮ್ಮ ಹಿರಿಯರು ಸಂಕೋಚಪಡುವರು. ಈ ಸಂಕೋಚ ನಮಗೆ ಸರಿಕಾಣದು. ಅಗತ್ಯಕ್ಕಿಂತ ಹೆಚ್ಚಾಗಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಪತಿಗೇ ಹೇಳಿದ ಆಯ್ದಕ್ಕಿ ಲಕ್ಕಮ್ಮನ ಪರಂಪರೆ ನಮ್ಮದು. ಕಾಯಕನಿಷ್ಠನಾದ ಮೆಕ್ಯಾನಿಕ್ಕನು ಕೇಳುವ ಮೊದಲೇ ಹಳೆಯ ಭಾಗವನ್ನು ತೋರಿಸುವನು. ಅಂಥವನು ದೊರೆತರೆ ದೂರವಾದರೂ ಅಲ್ಲಿಗೇ ಹೋಗಬೇಕು.

ಮಾಡದ ಕೆಲಸಕ್ಕೆ ಹಣ ಪಡೆದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ಬಿಲ್ಲನ್ನೂ ಜಾಬ್ ಕಾರ್ಡನ್ನೂ ಅಲ್ಲಿಯವರೆಗೆ ಜೋಪಾನವಾಗಿಡಿ.