ಪಹಣಿಯಲ್ಲಿ ಆಕೆಯ ಹೆಸರಿದೆಯೇ?

ನಾಟಿ, ಕಳೆ, ಬೀಜದ ಆಯ್ಕೆ, ಕೊಟ್ಟಿಗೆ ಕೆಲಸ ನಿಮ್ಮ ಮನೆಯಲ್ಲಿ ಯಾರ ಪಾಲಿನದು? ಆದರೂ 2015-16ರ ಕೃಷಿ ಗಣತಿಯಂತೆ ದೇಶದ ಹಿಡುವಳಿದಾರರಲ್ಲಿ ಹೆಂಗಸರು ನೂರಕ್ಕೆ ಸುಮಾರು 14 ಮಂದಿ.

ಸೊಸೈಟಿಗೆ ಬೆಳೆ ಸಾಲಕ್ಕೆ ಹೋದರೆ ಮೊದಲು ಕೇಳುವುದು ಪಹಣಿ. ಗಂಡ ತೀರಿಕೊಂಡ ಮೇಲೂ ಅದು ಅವನ ಹೆಸರಿನಲ್ಲೇ ಉಳಿದರೆ, ಬಿತ್ತನೆಯ ಹೊತ್ತಿಗೆ ಆಕೆ ಬರಿಗೈ.

ಹಿಂದೂ ಕುಟುಂಬದ ಪಿತ್ರಾರ್ಜಿತ ಜಮೀನಿನಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಕರ್ನಾಟಕವು 1994ರಲ್ಲೇ ಕಾನೂನು ಮಾಡಿತು. ಅದಕ್ಕೆ ಮೊದಲೇ ಮದುವೆಯಾಗಿ ಹೊರಗುಳಿದವರಿಗೂ 2005ರ ಕೇಂದ್ರ ತಿದ್ದುಪಡಿ ಹಕ್ಕು ಕೊಟ್ಟಿತು. ತಂಗಿಗೆ ಸೀರೆ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ಇನ್ನೂ ನಿಂತಿಲ್ಲ, ಅದು ಬೇರೆ ಮಾತು.

ಪಹಣಿ ತೀರಿಹೋದವರ ಹೆಸರಿನಲ್ಲಿದ್ದರೆ ಮರಣ ಪತ್ರ, ವಂಶವೃಕ್ಷದೊಡನೆ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಕೊಡಿ. ವಂಶವೃಕ್ಷದಲ್ಲಿ ಹೆಂಡತಿ, ಹೆಣ್ಣುಮಕ್ಕಳ ಹೆಸರು ಬಿಡಬೇಡಿ.